ಮೂರು ಅಳತೆ, ಎರಡು ಗಡಿಕಲ್ಲು

ಒಂಬತ್ತನೇ ತಾರೀಖು, ಮಂಗಳವಾರ, ಬೆಳಿಗ್ಗೆ 10.40. ಠಾಣೆಗೆ ಬಂದ ನಿವೃತ್ತ ಸರ್ವೆ ಅಧಿಕಾರಿಯ ತಲೆ, ಹುಬ್ಬಿನ ಮೇಲೆಲ್ಲ ಸುಣ್ಣದ ಪುಡಿ. ರಸ್ತೆ ಅಗಲ ಮಾಡುವ ಆದೇಶ ಹಿಡಿದು ಬಂದವರು ಅವರ ಮನೆಯ ಅರ್ಧ ಭಾಗವನ್ನು ಯಂತ್ರ ಹಚ್ಚಿ ಕೆಡವಿದ್ದರು.

"ಆದೇಶ ನಕಲಿಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಸಹಿ, ಮೊಹರು ಎಲ್ಲ ಸರಿ. ನಕ್ಷೆ ತಪ್ಪು. ನನ್ನ ಮನೆ ರಸ್ತೆಯೊಳಗಿಲ್ಲ."

11.15ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ.

12.30ಕ್ಕೆ ಸ್ಥಳ ಪಂಚನಾಮೆ. ನಕ್ಷೆಯಲ್ಲಿದ್ದದ್ದು ಮೂರೇ ಅಳತೆ. ಮೂಲೆಯ ಕಲ್ಲಿನಿಂದ ಸೇತುವೆಯ ಕಲ್ಲಿಗೆ ನೂರು ಮೀಟರ್. ಮೂಲೆಯಲ್ಲಿ ಸೇತುವೆಯ ಕಲ್ಲಿಗೂ ರಸ್ತೆಯ ಗಡಿಕಲ್ಲಿಗೂ ನಡುವಿನ ಕೋನ ಮೂವತ್ತು ಡಿಗ್ರಿ. ಸೇತುವೆಯ ಕಲ್ಲಿನಿಂದ ಗಡಿಕಲ್ಲಿಗೆ ಅರವತ್ತು. ನಕ್ಷೆ ತೋರಿಸಿದ ಜಾಗಕ್ಕೆ ಟೇಪು ಹಿಡಿದು ನೋಡಿದರೆ ಒಂದೂ ಸುಳ್ಳಲ್ಲ. ಇನ್‌ಸ್ಪೆಕ್ಟರಿಗೆ ತಲೆಕೆಟ್ಟಿತು.

ಗಣಿತ ಓದಿಕೊಂಡಿದ್ದ ಮಹಿಳಾ ಕಾನ್‌ಸ್ಟೇಬಲ್ ಮಣ್ಣಿನಲ್ಲಿ ಗೆರೆ ಎಳೆದಳು.

"ಅಳತೆ ಸರಿ ಸರ್, ಆದ್ರೆ ಸಾಲಲ್ಲ. ಅರವತ್ತು ಮೀಟರ್ ಹಗ್ಗಾನ ಸೇತುವೆ ಕಲ್ಲಿಗೆ ಕಟ್ಟಿ ತಿರುಗಿಸಿ. ಮೂಲೆಯಿಂದ ಹೊರಟ ಗೆರೆನ ಎರಡು ಕಡೆ ಮುಟ್ಟುತ್ತೆ. ಮೂಲೆಯಿಂದ 53 ಮೀಟರಿಗೆ ಒಂದ್ಸಲ, 120ಕ್ಕೆ ಇನ್ನೊಂದ್ಸಲ. ತ್ರಿಕೋನದ ಸೈನ್ ಸೂತ್ರ ಎರಡಕ್ಕೂ ಹೂಂ ಅನ್ನುತ್ತೆ."

"ನಿಜವಾದ್ದು ಯಾವುದು?"

"ಅದಕ್ಕೆ ನಾಲ್ಕನೇ ಅಳತೆ ಬೇಕು. ಮೂಲೆಯಿಂದ ಗಡಿಕಲ್ಲಿಗೆ ಎಷ್ಟು ಅಂತ."

ಮನೆ ಕೆಡವಿದ್ದು 120ರ ಲೆಕ್ಕದಲ್ಲಿ. 53ರಲ್ಲಿ ಅಗೆದಾಗ ಎರಡಡಿ ಕೆಳಗೆ ಹಳೆಯ ಗಡಿಕಲ್ಲು ಸಿಕ್ಕಿತು.

2.45ಕ್ಕೆ ಸರ್ವೆ ಕಚೇರಿ. ಆ ನಾಲ್ಕನೇ ಅಳತೆ ಇರಬೇಕಾಗಿದ್ದ, ಅಳತೆ ಪುಸ್ತಕದ 47ನೇ ಪುಟವನ್ನು ಯಾರೋ ಬ್ಲೇಡಿನಿಂದ ಕತ್ತರಿಸಿದ್ದರು. ಪುಸ್ತಕವನ್ನು ಕೊನೆಗೆ ಪಡೆದವಳು ಆ ನಕ್ಷೆ ಬರೆದ ನಕ್ಷೆಗಾರ್ತಿಯೇ.

"ಪುಟ ಎಲ್ಲಿ?"

ಅವಳು ತಡವರಿಸಲಿಲ್ಲ. ಮೇಜಿನ ಖಾನೆಯಿಂದ ಪುಟ ತೆಗೆದು ಕೊಟ್ಟಳು. ಜೊತೆಗೊಂದು ಹಳೆಯ ನಕ್ಷೆ.

"ಇದೇನು?"

"ನಮ್ಮ ಮನೆ. ಹನ್ನೊಂದು ವರ್ಷ ಆಯ್ತು. ಇದರಲ್ಲೂ ಮೂರೇ ಅಳತೆ. ಕೆಳಗಿನ ಸಹಿ ನೋಡಿ."

ದೂರುದಾರರ ಸಹಿ.

"ಇನ್ನೊಂದ್ಸಲ ಅಳೀರಿ ಅಂತ ಅಪ್ಪ ಕೈ ಮುಗಿದ್ರು. 'ಈ ಬಿಸಿಲಲ್ಲಿ ಯಾರ್ರೀ ನಡೀತಾರೆ, ಲೆಕ್ಕ ಕೂತಿದೆ' ಅಂದ್ರು ಇವರು. ಮನೆ ಕೆಡವಿದ ಮೇಲೆ ಗಡಿಕಲ್ಲು ಇನ್ನೊಂದು ಕಡೆ ಸಿಕ್ತು. ಅವತ್ತೇ ಈ ಕೆಲಸ ಕಲೀಬೇಕು ಅಂದ್ಕೊಂಡೆ."

"ಮನೆಯೊಳಗೆ ಅವರ ಹೆಂಡತಿ ಇದ್ದಿದ್ರೆ?"

"ಆಕೆ ಮಗಳ ಮನೆಗೆ ಹೋಗೋ ವಾರ ನೋಡ್ಕೊಂಡೇ ನಕ್ಷೆ ಕಳಿಸಿದೆ. ನನ್ನ ಹಗೆ ಆಕೆ ಮೇಲಲ್ಲ."

"ಈಗ ಬೇಜಾರಿದೆಯಾ?"

"ಇಲ್ಲ."

"ಮಾಡಿದ್ದುಣ್ಣೋ ಮಹಾರಾಯ," ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ. ಇನ್‌ಸ್ಪೆಕ್ಟರ್ ಕಣ್ಣು ಬಿಟ್ಟದ್ದೇ ಬಾಯಿ ಮುಚ್ಚಿಕೊಂಡ.

4.20ಕ್ಕೆ ಬಂಧನ. ಸರ್ಕಾರಿ ದಾಖಲೆ ನಾಶ, ಸುಳ್ಳು ನಕ್ಷೆ ತಯಾರಿಕೆ. ಸಂಜೆ ದೂರುದಾರರ ಮುಂದೆ ಆ ಹಳೆಯ ನಕ್ಷೆ ಇಟ್ಟಾಗ ಅವರು ಬಹಳ ಹೊತ್ತು ನೋಡಿದರು. "ಎಷ್ಟೋ ಮನೆ ಅಳೆದಿದೀನಿ. ನೆನಪಿಲ್ಲ," ಅಂದರು. ಇನ್‌ಸ್ಪೆಕ್ಟರ್ ಅದನ್ನೂ ಬರೆದುಕೊಂಡರು.

ನಕ್ಷೆಗಾರ್ತಿಯ ಹೇಳಿಕೆಯ ಕೊನೆಯ ಸಾಲುಗಳು ಹೀಗಿದ್ದವು: ಅಪ್ಪ ಏಳು ವರ್ಷ ಬಾಡಿಗೆ ಕೋಣೆಯಲ್ಲಿದ್ದು ತೀರಿಕೊಂಡರು. ಅಷ್ಟು ದಿನವೂ ಅಲ್ಲಿನ ಗೋಡೆಗೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಇದು ನಮ್ಮದಲ್ಲ ಎಂದು, ಅಂಗಿಯನ್ನು ಮಡಿಚಿ ತಲೆಯ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದರು.