ಅತ್ತೆಯ ಪಾಲಿನ ಕಾಜಾ

"ಮೊಮ್ಮಗಳ ಮೊದಲ ಕೋಟಿಗೆ ಗುಂಡಿ ತೂರಿಸೋ ಕಾಜಾ ನಾನೇ ಹಾಕ್ತೀನಿ, ನಿನ್ನ ಕೈಗೆ ಕೊಟ್ರೆ ಜರಡಿ ಆಗುತ್ತೆ," ಎಂದು ಹೊಲಿಗೆ ಕಲಿಸಿದ ಅತ್ತೆ ಮಾತು ಕೊಟ್ಟಿದ್ದರು. ಅವರು ತೀರಿಕೊಂಡು ಎಷ್ಟೋ ಕಾಲವಾಯಿತು.

ತನ್ನ ಮೊದಲ ಕೋಟಿಗೆ, ಎಲೆಗಳನ್ನು ಉಬ್ಬಾಗಿ ನೇಯ್ದ ಜಕಾರ್ಡ್ ಬಟ್ಟೆಯನ್ನು ಮಗಳೇ ಆರಿಸಿದ್ದಳು. ಕತ್ತರಿ ತಗುಲಿದರೆ ಎಳೆ ಬಿಚ್ಚಿಕೊಳ್ಳುವ ಜಾತಿ ಅದು; ಕೆಟ್ಟರೆ ಬದಲಿಗೆ ತುಂಡೂ ಇರಲಿಲ್ಲ. ಮರುದಿನವೇ ಅವಳಿಗೆ ಕೋಟು ಬೇಕಿತ್ತು. ಕಾಜಾಗಳಿಗೆ ಸೀಮೆಸುಣ್ಣದ ಗುರುತು ಹಾಕಿ, ಕತ್ತರಿಸಲು ಧೈರ್ಯ ಸಾಲದೆ ಅಡುಗೆಮನೆಗೆ ಹೋದೆ. ಹೊಲಿಗೆ ಕೋಣೆಯಿಂದ ಬೆರಳುಟೋಪಿಗೆ ಸೂಜಿ ತಾಗುವ ಟಿಕ್ ಟಿಕ್ ಸದ್ದು ಬಂತು.

ಮಗಳು ಅಂಗಳದಿಂದ ಬಂದು, "ಅಮ್ಮಾ, ಹೊಲಿಗೆ ಕೋಣೇಲಿ ಯಾರ ಹತ್ರ ಬೈಸ್ಕೊಳ್ತಿದ್ದೆ?" ಎಂದಳು.

"ಯಾರೂ ಇಲ್ವಲ್ಲೇ!"

ಹೋಗಿ ಮುಟ್ಟಿದರೆ ಕೋಟು ಮೈಯಷ್ಟು ಬೆಚ್ಚಗಿತ್ತು, ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು. ಕಾಜಾಗಳೆಲ್ಲ ಮುಗಿದಿದ್ದವು, ಒಂದೆಳೆಯೂ ಬಿಚ್ಚಿರಲಿಲ್ಲ. ಅವುಗಳ ಪಕ್ಕದಲ್ಲಿ, ಯಾರೋ ಕೈಯೂರಿ ಬಟ್ಟೆ ಹಿಡಿದಂತೆ, ಅಂಗೈಯಗಲದ ಜಾಗದಲ್ಲಿ ಎಲೆಗಳ ಉಬ್ಬು ಚಪ್ಪಟೆಯಾಗಿತ್ತು. ಎಷ್ಟು ಆವಿ ಹಿಡಿದರೂ ಅವು ಇಂದಿಗೂ ಎದ್ದಿಲ್ಲ.

ಅತ್ತೆ ಮಾತು ಉಳಿಸಿಕೊಂಡರು.