ನಡುವಿನ ಪದರ

"ಅದನ್ನ ಮುಟ್ಟಬೇಡಿ ಅಂದೆನಲ್ಲ."

ಮೈಕ್ರೋಸ್ಕೋಪಿನ ಮೇಲೆ ಬಗ್ಗಿದ್ದ ಯುವಕ ತಲೆ ಎತ್ತಿದ. "ಮುಟ್ಟದೆ ರಿಪೇರಿ ಮಾಡೋದು ಹೇಗೆ ಮೇಡಂ?"

ಜೀವಶಾಸ್ತ್ರದ ಲೆಕ್ಚರರ್ ವತ್ಸಲಾ ಪೆಚ್ಚಾದಳು. ಅವನು ಪಟ್ಟಾಭಿರಾಮ, ಪೀಣ್ಯದ ಒಂದು ವರ್ಕ್‌ಶಾಪಿನಿಂದ ಕಾಲೇಜಿಗೆ ಬಂದಿದ್ದ ಮೆಕ್ಯಾನಿಕ್. ಲೆನ್ಸಿನ ಕೆಳಗಿದ್ದ ಹಸಿರು ಚೂರನ್ನು ತೋರಿಸಿ ಅದೇನೆಂದು ಕೇಳಿದ.

"ಎಲೆಯ ಒಳಗಿನ ಮೀಸೋಫಿಲ್. ಮೀಸೋ ಅಂದ್ರೆ ನಡು."

"ಮಾವಿನಹಣ್ಣಲ್ಲಿ ತಿರುಳೂ ನಡುವೇ ಇರುತ್ತಲ್ಲ... ಅದಕ್ಕೂ ಮೀಸೋ ಅಂತಾರಾ?"

"ಮೀಸೋಕಾರ್ಪ್," ಎಂದಳು ವತ್ಸಲಾ. ಹುಡುಗರು ಉರು ಹೊಡೆಯುವ ಪದವನ್ನು ಇವನು ತಾನೇ ಹುಡುಕಿಕೊಂಡು ಬಂದಿದ್ದ. ಅವಳಿಗೆ ಅವನು ಇಷ್ಟವಾಗಿಬಿಟ್ಟ.

ಅದು ಎಪ್ಪತ್ತೊಂಬತ್ತನೇ ಇಸವಿ. ಮರುವರ್ಷ ಅವರ ಮದುವೆಯಾಯಿತು.

ಎಂಬತ್ತೆರಡರಲ್ಲಿ ಹೆಣ್ಣುಮಗು ಹುಟ್ಟಿತು. ಮರುದಿನ ಸಂಜೆಯವರೆಗೂ ಉಳಿಯಲಿಲ್ಲ. ಜ್ವರದಲ್ಲಿ ಮೈಮರೆತಿದ್ದ ವತ್ಸಲಾ ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಗುವಿನ ಮುಖವನ್ನೂ ಅವಳು ನೋಡಲಿಲ್ಲ.

"ತುಂಬಿದ ಬಸುರಿ, ದಿನಾ ಆ ಬಸ್ಸಲ್ಲಿ ಕುಲುಕಾಡಿಕೊಂಡು ಹೋದರೆ ಇನ್ನೇನಾಗುತ್ತೆ?" ಎಂದರು ಅತ್ತೆ ಅನುಸೂಯಮ್ಮ.

ವತ್ಸಲಾ ಗಂಡನ ಕಡೆ ನೋಡಿದಳು. ಅವನು ತಲೆ ತಗ್ಗಿಸಿ ನಿಂತಿದ್ದ. ಒಂದು ಮಾತೂ ಆಡಲಿಲ್ಲ.

'ಇವರೂ ಹಾಗೇ ಅಂದುಕೊಂಡಿದ್ದಾರೆ... ನಾನೇ ನನ್ನ ಮಗುವನ್ನು ಕೊಂದೆ ಅಂತ.'

ಬಾಣಂತನಕ್ಕೆಂದು ಯಶವಂತಪುರದ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅವನು ಕರೆಯಲು ಬಂದಾಗಲೆಲ್ಲ ಕೋಣೆಯ ಬಾಗಿಲು ಹಾಕಿಕೊಂಡಳು. ಕೊನೆಗೆ ಅವನೂ ಬರುವುದನ್ನು ಬಿಟ್ಟ.

ರಜೆ ಮುಗಿಸಿ ಕಾಲೇಜಿಗೆ ಮರಳಿದಳು. ಭ್ರೂಣದ ಪಾಠ ಬಂತು. ಬೋರ್ಡಿನ ಮೇಲೆ ಮೂರು ಪದರಗಳನ್ನು ಬರೆದು, ನಡುವಿನದನ್ನು ತೋರಿಸಿದಳು.

"ಇದು ಮೀಸೋಡರ್ಮ್. ಮೂಳೆ, ರಕ್ತ, ಮತ್ತೆ..."

ತಾನು ಮುಖವನ್ನೂ ನೋಡದ ಮಗು ನೆನಪಾಗಿ, ಹೃದಯ ಎಂಬ ಪದ ಬಾಯಿಂದ ಹೊರಡಲಿಲ್ಲ. ಕಣ್ಣು ಕತ್ತಲಿಟ್ಟು ಕುಸಿದಳು.

ಸಹೋದ್ಯೋಗಿಗಳು ಅವಳನ್ನು ಹೆರಿಗೆಯಾದ ಆಸ್ಪತ್ರೆಗೇ ಕರೆದೊಯ್ದರು. ಅದೇ ಡಾಕ್ಟರು. ನಾಡಿ ಹಿಡಿದು ಕೂತವರ ಮುಂದೆ ವತ್ಸಲಾ ಮೊದಲ ಸಲ ಬಾಯಿ ಬಿಟ್ಟಳು. "ನಾನು ಬಸ್ಸಲ್ಲಿ ಓಡಾಡದೆ ಇದ್ದಿದ್ದರೆ..."

"ಬಸ್ಸಿಗೂ ಇದಕ್ಕೂ ಏನಮ್ಮ ಸಂಬಂಧ? ಗರ್ಭದಲ್ಲಿ ಮೊದಲ ತಿಂಗಳುಗಳಲ್ಲೇ ಮಗುವಿನ ಹೃದಯ ಸರಿಯಾಗಿ ಕೂಡಿಕೊಂಡಿರಲಿಲ್ಲ. ಯಾರ ತಪ್ಪೂ ಅಲ್ಲ. ಯಜಮಾನರು ಹೇಳಲಿಲ್ವಾ?"

ಅಲ್ಲಿಂದ ಅವಳು ನೇರವಾಗಿ ವರ್ಕ್‌ಶಾಪಿಗೆ ಹೋದಳು. ಬಾಗಿಲಲ್ಲಿ ಅವಳನ್ನು ಕಂಡು ಪಟ್ಟಾಭಿರಾಮ ಮೆಷಿನ್ ನಿಲ್ಲಿಸಿದ. ಬಹಳ ಸೊರಗಿದ್ದ.

"ಯಾಕೆ ಹೇಳಲಿಲ್ಲ?"

ಅವನಿಗೆ ಅರ್ಥವಾಯಿತು. "ಡಾಕ್ಟರು, ಹೃದಯ ಆಗೋ ಮೀಸೋಡರ್ಮ್‌ನಲ್ಲೇ ದೋಷ ಇತ್ತು ಅಂದ್ರು ವತ್ಸಲಾ. ನಡು ಅನ್ನೋದು ನೀನು ಹೇಳಿಕೊಟ್ಟ ಅರ್ಥ, ಅದಕ್ಕೇ ತಿಳೀತು. ಪ್ರತಿ ವರ್ಷ ನೀನು ಅದನ್ನೇ ಪಾಠ ಮಾಡಬೇಕಲ್ಲ... ಬೋರ್ಡಿನ ಮೇಲೆ ಬರೆದಾಗೆಲ್ಲ ಮಗು ಕಣ್ಣ ಮುಂದೆ ಬರುತ್ತೆ ಅಂತ ಹೇಳಲಿಲ್ಲ."

"ಅತ್ತೆ ಹಾಗಂದಾಗಲೂ ಸುಮ್ಮನಿದ್ರಲ್ಲ."

"ಬಾಯಿ ಬಿಟ್ಟಿದ್ರೆ ಅತ್ತುಬಿಡ್ತಿದ್ದೆ. ನಿನ್ನ ಮುಂದೆ ಅಳಬಾರದು ಅಂದ್ಕೊಂಡಿದ್ದೆ."

"ನಾನೇ ಕೊಂದೆ ಅಂತ ನೀವೂ ನಂಬಿದ್ದೀರಿ ಅಂದ್ಕೊಂಡೇ ಬದುಕಿದೆ ಕಣ್ರೀ, ಇಷ್ಟು ದಿನ."

ಪಟ್ಟಾಭಿರಾಮನ ಮುಖ ಬಿಳಿಚಿಕೊಂಡಿತು. "ಅಯ್ಯೋ, ನಿನ್ನ ಮನಸ್ಸಲ್ಲಿ ಅದಿದೆ ಅಂತ ನಂಗೆ ಹೊಳೀಲೇ ಇಲ್ಲ..." ಎಂದವನು ಸ್ಟೂಲಿನ ಮೇಲೆ ಕುಸಿದು ಕೂತು, ಎಣ್ಣೆ ಮೆತ್ತಿದ ಕೈಗಳಲ್ಲೇ ಮುಖ ಮುಚ್ಚಿಕೊಂಡು ಅತ್ತ. ಅವನು ಅಳುವುದನ್ನು ವತ್ಸಲಾ ಎಂದೂ ಕಂಡಿರಲಿಲ್ಲ. ಸೆರಗಿನಿಂದ ಅವನ ಕೆನ್ನೆಯ ಮೇಲಿನ ಕಪ್ಪನ್ನು ಒರೆಸಿದಳು.

ಒರೆಸುತ್ತಲೇ ಕೇಳಿದಳು. "ನೀವು ಅವಳನ್ನ ಎತ್ತಿಕೊಂಡಿದ್ರಾ?"

"ಹೂಂ. ಕೊನೆವರೆಗೂ ನನ್ನ ಕೈಯಲ್ಲೇ ಇದ್ದಳು."

"ಯಾರ ಹಾಗಿದ್ದಳು?"

"ಹಣೆ ನಿನ್ನದೇ. ಒಂದು ಸಲ ಕಣ್ಣು ಬಿಟ್ಟು ನನ್ನ ನೋಡಿದಳು. ನನ್ನ ಬೆರಳು ಹಿಡ್ಕೊಂಡಿದ್ದಳು."

"ಯಾವ ಬೆರಳು?"

ಅವನು ಕಿರುಬೆರಳನ್ನು ಚಾಚಿದ. ವತ್ಸಲಾ ಅದನ್ನು ತನ್ನ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.

"ಮನೆಗೆ ಹೋಗೋಣ. ಅವಳ ವಿಷಯ ಇನ್ನೂ ಹೇಳಿ... ನಂಗೆ ಎಲ್ಲಾ ಹೇಳಿ."