ನಾಲ್ಕನೇ ಕೋಣೆಯ ಟಿಪ್ಪಣಿ

ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಮ್ಜುಜು ಪಟ್ಟಣದ ಹೊರವಲಯದ ನಮ್ಮ ಲಸಿಕೆ ಗೋದಾಮಿನಲ್ಲಿ ಆರು ಶೀತಕೋಣೆಗಳಿವೆ. ಅವುಗಳ ಸೆಟ್ಟಿಂಗ್ ಫೈಲನ್ನು ಓದಿ ಹೊಸದಾಗಿ ಬರೆಯಲು ನಾನೊಂದು ಪೈಥಾನ್ ಸ್ಕ್ರಿಪ್ಟ್ ಮಾಡಿದ್ದೆ. ಹಳಬರು ಹ್ಯಾಶ್ ಗುರುತು ಹಾಕಿ ಬರೆದಿಟ್ಟ ಟಿಪ್ಪಣಿಗಳನ್ನು ಅದು ಓದುವಾಗಲೇ ಬಿಟ್ಟುಬಿಡುತ್ತದೆ; ಹೊಸ ಫೈಲಿನಲ್ಲಿ ಸೆಟ್ಟಿಂಗ್‌ಗಳಷ್ಟೇ ಉಳಿಯಬೇಕು.

ಆ ಮಧ್ಯಾಹ್ನ ಹೊಸ ಫೈಲಿನಲ್ಲಿ ಒಂದು ಟಿಪ್ಪಣಿ ಇತ್ತು: ‘# ನಾಲ್ಕನೇ ಕೋಣೆಯ ಮಾಪಕ ನಂಬಬೇಡಿ. ಗೋಡೆ ಮುಟ್ಟಿ ನೋಡಿ.’ ಕೆಳಗೆ ನಮ್ಮ ಹಳೆಯ ಮೆಕ್ಯಾನಿಕ್ ಮ್ವಾಕಸುಂಗುಲಾ ಅವರ ಹೆಸರು, ಅಂದಿನದೇ ತಾರೀಖು. ಅವರನ್ನು ಮಣ್ಣು ಮಾಡಿ ಮೂರು ತಿಂಗಳಾಗಿತ್ತು.

ನನ್ನ ಅನುಮಾನವೆಲ್ಲ ಎದುರು ಮೇಜಿನ ತಿವೊಂಗೆಯ ಮೇಲೆ.

“ಅಕ್ಕಾ, ಸತ್ತವರ ಹೆಸರಲ್ಲಿ ತಮಾಷೆ ಬೇಡ.”

“ನಾನಾ? ಕೈತುಂಬ ನ್ಸಿಮಾ ಮುದ್ದೆ ಮೆತ್ಕೊಂಡು ಊಟಕ್ಕೆ ಕೂತಿದೀನಿ ಕಣೇ. ನಿನ್ನ ಕಂಪ್ಯೂಟರಿಗೂ ಒಂದು ತುತ್ತು ಹಾಕ್ಲಾ?”

ಹೊರಗಿನಿಂದ ಯಾರೂ ಕೈಯಾಡಿಸದಂತೆ ನೆಟ್‌ವರ್ಕ್ ತಂತಿ ಕಿತ್ತು ಸ್ಕ್ರಿಪ್ಟನ್ನು ಮತ್ತೆ ಓಡಿಸಿದೆ. ಟಿಪ್ಪಣಿ ಮತ್ತೆ ಬಂತು, ಈ ಸಲ ಎರಡು ಬಾರಿ.

ನಾಲ್ಕನೇ ಕೋಣೆಯ ಮಾಪಕದ ಪರದೆ ಐದು ಡಿಗ್ರಿ ಎನ್ನುತ್ತಿತ್ತು. ಒಳಗಿದ್ದದ್ದು ಮರುದಿನ ಮಕ್ಕಳಿಗೆ ಹಾಕಬೇಕಿದ್ದ ದಡಾರ ಲಸಿಕೆ. ಹೋಗಿ ಮುಟ್ಟಿದೆ. ಗೋಡೆ ಜ್ವರ ಬಂದ ಮೈಯಂತೆ ಸುಡುತ್ತಿತ್ತು.

“ನಿನ್ನ ಕೈಯೇ ಬಿಸಿ ಇರ್ಬೇಕು ಬಿಡು,” ಎಂದು ನಕ್ಕ ತಿವೊಂಗೆ ತಾನೂ ಮುಟ್ಟಿದಳು. ಕೂಡಲೇ ಪೆಟ್ಟಿಗೆಗಳನ್ನು ಪಕ್ಕದ ಕೋಣೆಗೆ ಸಾಗಿಸತೊಡಗಿದಳು. ಗಡಿಬಿಡಿಯಲ್ಲಿ ಒಂದು ಪೆಟ್ಟಿಗೆ ಮೂಲೆಯಲ್ಲೇ ಉಳಿಯಿತು.

ಸೋಮವಾರ ರಿಪೇರಿಯವನು ಬೇರೆ ಮೂರು ಮಾಪಕ ತಂದು ಪರೀಕ್ಷಿಸಿದ. ಕೋಣೆ ಸರಿಯಾಗಿದೆ, ದಾಖಲೆಯಲ್ಲಿ ಒಂದು ಗಳಿಗೆಯೂ ಐದು ಡಿಗ್ರಿ ದಾಟಿಲ್ಲ ಎಂದ. ಉಳಿದಿದ್ದ ಪೆಟ್ಟಿಗೆಯನ್ನು ಅವನೆದುರಿಗೇ ಬಿಚ್ಚಿದೆವು. ಬಿಸಿ ತಾಗಿದರೆ ಮಾತ್ರ ಬಣ್ಣ ಬದಲಾಗುವ ಪುಟ್ಟ ಚೌಕ, ಪ್ರತಿ ಸೀಸೆಯ ಮೇಲೂ ಕಪ್ಪಾಗಿತ್ತು.